ಗ್ರೇಟೆಸ್ಟ್ ಹಿಟ್ಸ್: ‘ಫಾರ್ಟಿ ಲಿಕ್ಸ್’ ಮತ್ತು ರಾಕ್ ತಂಡಗಳ ಆಯ್ದ ಹಾಡುಗಳ ಸಂಕಲನ

ಒಂದು ತಂಡ ಹತ್ತಾರು ವರ್ಷಗಳಲ್ಲಿ ಹೊರತಂದ ಧ್ವನಿಮುದ್ರಿಕೆಗಳಿಂದ ಜನ ಮೆಚ್ಚಿದ ಹಾಡುಗಳನ್ನು ಹೆಕ್ಕಿ ಒಂದೇ ಆಲ್ಬಮ್ಮಿನಲ್ಲಿ ಕೊಡುವುದನ್ನು ಸಂಗೀತದ ವ್ಯಾಪಾರದಲ್ಲಿ ‘ಗ್ರೇಟೆಸ್ಟ್ ಹಿಟ್ಸ್’ ಎನ್ನುತ್ತಾರೆ. ಹೊಸದಾಗಿ ಹಾಡಿಸುವ ಖರ್ಚಿಲ್ಲ, ಸ್ಟುಡಿಯೋ ಬಾಡಿಗೆಯಿಲ್ಲ, ಹಾಡು ಓಡುತ್ತದೋ ಇಲ್ಲವೋ ಎಂಬ ಆತಂಕವೂ ಇಲ್ಲ. ಕಂಪನಿಗಳಿಗೆ ಇದು ಅಚ್ಚುಮೆಚ್ಚಿನ ಸರಕಾದದ್ದು ಸಹಜ. ಗಂಭೀರ ವಿಮರ್ಶಕರು ಮಾತ್ರ ಈ ಬಗೆಯನ್ನು ಬಹುಕಾಲ ತಾತ್ಸಾರದಿಂದ ನೋಡಿದರು. ಆಲ್ಬಮ್ ಎಂಬುದು ಇಡಿಯಾದ ಕೃತಿ, ಅದರಿಂದ ಹಾಡುಗಳನ್ನು ಕಿತ್ತು ಜೋಡಿಸಿದರೆ ಕೃತಿಗೆ ಅನ್ಯಾಯವಾಗುತ್ತದೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೆ ಮದರಾಸು, ಬೆಂಗಳೂರು, ಮೈಸೂರುಗಳಲ್ಲಿ ಕುಳಿತು ರಾಕ್ ಸಂಗೀತ ಕಲಿತವರಿಗೆ ಮೊದಲು ಕೈಗೆ ಸಿಕ್ಕದ್ದು ಬಹುಪಾಲು ಇಂಥ ಸಂಕಲನಗಳೇ. ಅವು ಇಲ್ಲದಿದ್ದರೆ ಆ ಸಂಗೀತ ಇಲ್ಲಿಗೆ ಅಷ್ಟರಮಟ್ಟಿಗೆ ತಲುಪುತ್ತಲೂ ಇರಲಿಲ್ಲ.

ಸಂಕಲನಕ್ಕೆ ಯಾವ ಹಾಡು ಸೇರಬೇಕು ಎಂಬುದನ್ನು ಜನರ ಮೆಚ್ಚುಗೆಯೊಂದೇ ತೀರ್ಮಾನಿಸುವುದಿಲ್ಲ. ಆ ಹಾಡಿನ ಮೂಲ ಟೇಪು ಯಾರ ಬೀರುವಿನಲ್ಲಿದೆ, ಕರಾರು ಪತ್ರದಲ್ಲಿ ಯಾರ ಸಹಿ ಇದೆ ಎಂಬುದೇ ಎಷ್ಟೋ ಸಲ ಕಡೆಯ ಮಾತಾಗುತ್ತದೆ. ಇದನ್ನು ಅರಿಯಲು ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡ 2002ರಲ್ಲಿ ಹೊರತಂದ ‘ಫಾರ್ಟಿ ಲಿಕ್ಸ್’ಗಿಂತ ಒಳ್ಳೆಯ ಉದಾಹರಣೆ ಸಿಗದು. ನಲವತ್ತು ವರ್ಷ ಬಾಳಿದ ತಂಡ, ನಲವತ್ತು ಹಾಡು, ಎರಡು ಸಿಡಿ. ಆ ಸಂಕಲನದ ಹೆಸರಿನಲ್ಲಿ ಹೊರಟ ಪ್ರವಾಸವೇ 2003ರ ಏಪ್ರಿಲ್‌ನಲ್ಲಿ ತಂಡವನ್ನು ಬೆಂಗಳೂರಿನ ಅರಮನೆ ಮೈದಾನಕ್ಕೂ ಕರೆತಂದಿತು.

ಹುಟ್ಟು ಮತ್ತು ಹಬ್ಬುಗೆ

ಈ ಬಗೆಯ ಮೊದಲ ದೊಡ್ಡ ಯಶಸ್ಸೆಂದು ಅಮೆರಿಕದ ಗಾಯಕ ಜಾನಿ ಮ್ಯಾಥಿಸ್‌ರ 1958ರ ‘ಜಾನೀಸ್ ಗ್ರೇಟೆಸ್ಟ್ ಹಿಟ್ಸ್’ ಅನ್ನು ಹೆಸರಿಸುವುದು ವಾಡಿಕೆ. ಅದು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಬಿಡುವಿಲ್ಲದೆ 490 ವಾರ, ಎಂದರೆ ಒಂಬತ್ತು ವರ್ಷಕ್ಕೂ ಮಿಕ್ಕಿ, ಉಳಿಯಿತು. ಕಂಪನಿಗಳಿಗೆ ದಾರಿ ಕಾಣಲು ಅಷ್ಟು ಸಾಕಾಗಿತ್ತು. ಈಗಲ್ಸ್ ತಂಡದ ‘ದೇರ್ ಗ್ರೇಟೆಸ್ಟ್ ಹಿಟ್ಸ್ 1971–1975’ ಬಂದದ್ದು 1976ರ ಫೆಬ್ರವರಿಯಲ್ಲಿ. ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ ಆ ವರ್ಷವೇ ಆರಂಭಿಸಿದ ಪ್ಲಾಟಿನಂ ಮನ್ನಣೆ ಮೊದಲು ಸಂದದ್ದು ಇದೇ ಆಲ್ಬಮ್ಮಿಗೆ. 2018ರ ಲೆಕ್ಕದಲ್ಲಿ ಅದಕ್ಕೆ 38 ಪ್ಲಾಟಿನಂ ಸೇರಿ, ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಆಲ್ಬಮ್ ಎನಿಸಿತು. ನಮ್ಮ ಕಾಲೇಜು ಹಾಸ್ಟೆಲ್‌ಗಳಲ್ಲಿ ಗಿಟಾರು ಹಿಡಿದವರೆಲ್ಲ ನುಡಿಸುತ್ತಿದ್ದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಅದರಲ್ಲಿಲ್ಲ. ಆ ಹಾಡಿದ್ದ ಆಲ್ಬಮ್ ಬಂದದ್ದೇ ಅದೇ ವರ್ಷದ ಡಿಸೆಂಬರಿನಲ್ಲಿ.

ಬ್ರಿಟನ್ನಿನಲ್ಲಿ ಈ ಪಟ್ಟ ಕ್ವೀನ್ ತಂಡದ 1981ರ ‘ಗ್ರೇಟೆಸ್ಟ್ ಹಿಟ್ಸ್’ಗೆ ಸೇರಿದೆ, 2022ರಲ್ಲಿ ಅದರ ಮಾರಾಟ 70 ಲಕ್ಷ ದಾಟಿತು. ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಜಾಂಜಿಬಾರಿನ ಪಾರ್ಸಿ ಮನೆತನದ ಫಾರೋಖ್ ಬುಲ್ಸಾರಾ. ಅವರು ಶಾಲೆ ಓದಿದ್ದು ಮಹಾರಾಷ್ಟ್ರದ ಪಂಚಗಣಿಯಲ್ಲಿ. ಆಬಾ ತಂಡದ ‘ಗೋಲ್ಡ್’ (1992), ಬಾಬ್ ಮಾರ್ಲಿಯ ‘ಲೆಜೆಂಡ್’ (1984), ಬೀಟಲ್ಸ್‌ನ ‘1’ (2000) ಇದೇ ಸಾಲಿನವು. ಈ ಪೈಕಿ ಕೆಲವು ಕಲಾವಿದರ ಹೆಸರು ಹೊಸ ತಲೆಮಾರಿಗೆ ಉಳಿದಿರುವುದೇ ಸಂಕಲನದ ಬಲದಿಂದ.

ಎರಡು ಒಡೆತನಗಳ ಕಥೆ

ರೋಲಿಂಗ್ ಸ್ಟೋನ್ಸ್ ತಂಡ ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಮೊದಲ ಸಲ ವೇದಿಕೆ ಏರಿದ್ದು 1962ರ ಜುಲೈ 12ರಂದು. ಮಿಕ್ ಜ್ಯಾಗರ್, ಕೀತ್ ರಿಚರ್ಡ್ಸ್, ಬ್ರಯಾನ್ ಜೋನ್ಸ್ ಮೊದಲಿನಿಂದ ಇದ್ದವರು. ಡ್ರಮ್ಮಿನ ಚಾರ್ಲಿ ವಾಟ್ಸ್, ಬೇಸ್ ಗಿಟಾರಿನ ಬಿಲ್ ವೈಮನ್ ಕೆಲವೇ ತಿಂಗಳಲ್ಲಿ ಸೇರಿಕೊಂಡರು. ಅಮೆರಿಕದ ಕರಿಯರ ಬ್ಲೂಸ್ ಸಂಗೀತವನ್ನು ಭಕ್ತಿಯಿಂದ ಕಲಿತ ಹುಡುಗರು ಅವರು. ಡೆಕ್ಕಾ ಕಂಪನಿ ಅವರ ಹಾಡುಗಳನ್ನು ಹೊರತಂದಿತು. 1965ರಲ್ಲಿ ‘ಸ್ಯಾಟಿಸ್ಫ್ಯಾಕ್ಷನ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು.

ಅದೇ ವರ್ಷ ನ್ಯೂಯಾರ್ಕಿನ ಲೆಕ್ಕಪತ್ರದ ನಿಪುಣ ಅಲೆನ್ ಕ್ಲೈನ್ ತಂಡದ ವ್ಯವಹಾರಕ್ಕೆ ಕೈಹಾಕಿದರು. ಡೆಕ್ಕಾದವರೊಂದಿಗೆ ಹೊಸ ಕರಾರು ಮಾಡಿಸಿ, ಆ ಕಾಲಕ್ಕೆ ಕೇಳರಿಯದ ಮುಂಗಡ ಹಣ ಕೊಡಿಸಿದರು. ಹುಡುಗರು ಹಿಗ್ಗಿದರು. ಹಣ ಹರಿದುಬರುವ ಕಾಲುವೆಯೊಂದನ್ನು ಮಾತ್ರ ಅವರು ಸರಿಯಾಗಿ ನೋಡಿರಲಿಲ್ಲ. ಲಂಡನ್ನಿನಲ್ಲಿ ನ್ಯಾಂಕರ್ ಫೆಲ್ಜ್ ಎಂಬ ಹೆಸರಿನ ಕಂಪನಿಯೊಂದು ತಂಡದ್ದೇ ಆಗಿತ್ತು. ಅದೇ ಹೆಸರಿನ ಇನ್ನೊಂದು ಕಂಪನಿ ಅಮೆರಿಕದಲ್ಲಿ ನೋಂದಣಿಯಾಗಿತ್ತು; ಅದರ ಒಡೆಯ ಕ್ಲೈನ್. ಧ್ವನಿಮುದ್ರಣದ ಹಕ್ಕುಗಳು ಸೇರಿದ್ದು ಈ ಎರಡನೆಯದಕ್ಕೆ. 1970ರಲ್ಲಿ ಡೆಕ್ಕಾದ ಕರಾರು ಮುಗಿದು ತಂಡ ಕ್ಲೈನ್‌ರಿಂದ ಬಿಡಿಸಿಕೊಂಡಿತಾದರೂ ಅಲ್ಲಿಯವರೆಗೆ ಹಾಡಿದ್ದೆಲ್ಲ ಅವರ ಆಬ್ಕೋ ಸಂಸ್ಥೆಯ ಪಾಲಾಯಿತು. ‘ಪೇಂಟ್ ಇಟ್ ಬ್ಲ್ಯಾಕ್’, ‘ರೂಬಿ ಟ್ಯೂಸ್‌ಡೇ’, ‘ಜಂಪಿನ್ ಜ್ಯಾಕ್ ಫ್ಲ್ಯಾಶ್’, ‘ಸಿಂಪಥಿ ಫಾರ್ ದ ಡೆವಿಲ್’, ‘ಗಿಮ್ಮಿ ಶೆಲ್ಟರ್’ ಹೀಗೆ ತಂಡದ ಹೆಸರು ಹೇಳಿದೊಡನೆ ನಾಲಿಗೆಗೆ ಬರುವ ಹಾಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಕಾಲದವು. ಹಾಡಿದವರೇ ತಮ್ಮ ಹಾಡನ್ನು ಮರಳಿ ಮುದ್ರಿಸಲು ಬೇರೆಯವರ ಒಪ್ಪಿಗೆ ಬೇಡಬೇಕಾದ ಈ ಸ್ಥಿತಿ ರಾಕ್ ಇತಿಹಾಸದ ಅತಿ ಕಹಿ ಪಾಠಗಳಲ್ಲಿ ಒಂದು.

ಹೀಗೆ ತಂಡದ ಬದುಕು ಕಾನೂನಿನ ಕಣ್ಣಿನಲ್ಲಿ ಎರಡು ಹೋಳಾಯಿತು. 1971ಕ್ಕೆ ಹಿಂದಿನದು ಆಬ್ಕೋದ್ದು, ಮುಂದಿನದು ತಂಡದ ಸ್ವಂತ ರೋಲಿಂಗ್ ಸ್ಟೋನ್ಸ್ ರೆಕಾರ್ಡ್ಸ್‌ನದು. ನಡುವೆ ಒಂದು ವಿಚಿತ್ರ ಗಡಿಪ್ರದೇಶವೂ ಇದೆ. 1969ರ ಡಿಸೆಂಬರಿನಲ್ಲಿ ಅಲಬಾಮಾದ ಶೆಫೀಲ್ಡ್ ಎಂಬ ಸಣ್ಣ ಊರಿನ ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೋದಲ್ಲಿ ತಂಡ ‘ಬ್ರೌನ್ ಶುಗರ್’ ಮತ್ತು ‘ವೈಲ್ಡ್ ಹಾರ್ಸಸ್’ ಮುದ್ರಿಸಿತು. ಹಳೆಯ ಕರಾರು ಇನ್ನೂ ಚಾಲ್ತಿಯಲ್ಲಿದ್ದ ದಿನಗಳವು. ಹಾಡುಗಳು ಹೊರಬಂದದ್ದು 1971ರಲ್ಲಿ, ಹೊಸ ಕಂಪನಿಯಿಂದ. ಹಾಗಾಗಿ ಆ ಎರಡು ಹಾಡುಗಳಿಗೆ ಇಬ್ಬರೂ ಒಡೆಯರು.

ಮುಂದೆ ಬಂದ ಸಂಕಲನಗಳನ್ನೆಲ್ಲ ಈ ಗೆರೆ ಕೊಯ್ದು ಹಾಕಿತು. ತಂಡದ ಮೊದಲ ಹಿಟ್ ಸಂಕಲನ ‘ಬಿಗ್ ಹಿಟ್ಸ್’ 1966ರಲ್ಲೇ ಬಂದಿತ್ತು. 1969ರ ‘ಥ್ರೂ ದ ಪಾಸ್ಟ್, ಡಾರ್ಕ್ಲಿ’ ಎಂಟು ಮೂಲೆಯ ಹೊದಿಕೆಯಲ್ಲಿ, ಆ ಜುಲೈನಲ್ಲಿ ತೀರಿಕೊಂಡ ಬ್ರಯಾನ್ ಜೋನ್ಸ್‌ಗೆ ಅರ್ಪಣೆಯಾಗಿ ಬಂತು. 1971ರ ಡಿಸೆಂಬರಿನಲ್ಲಿ ಆಬ್ಕೋ ತಾನೇ ‘ಹಾಟ್ ರಾಕ್ಸ್ 1964–1971’ ಎಂಬ ಎರಡು ಎಲ್‌ಪಿಗಳ ಸಂಕಲನ ಹೊರಡಿಸಿತು. ತಂಡದ ಕೈವಾಡವಿಲ್ಲದ ಈ ಸಂಕಲನ ಅಮೆರಿಕದಲ್ಲಿ ಅವರ ಯಾವ ಹೊಸ ಆಲ್ಬಮ್ಮಿಗಿಂತಲೂ ಹೆಚ್ಚು ಮಾರಾಟವಾಗಿ 12 ಪ್ಲಾಟಿನಂ ಮನ್ನಣೆ ಗಳಿಸಿತು. ತಂಡ ತನ್ನ ಪಾಲಿನಿಂದ ‘ಮೇಡ್ ಇನ್ ದ ಶೇಡ್’ (1975), ‘ಸಕ್ಕಿಂಗ್ ಇನ್ ದ ಸೆವೆಂಟೀಸ್’ (1981), ‘ರಿವೈಂಡ್’ (1984), ‘ಜಂಪ್ ಬ್ಯಾಕ್’ (1993) ತಂದಿತು. ಅವುಗಳಲ್ಲಿ ಅರವತ್ತರ ದಶಕದಲ್ಲಿ ಹೊರಬಂದ ಒಂದು ಹಾಡೂ ಇಲ್ಲ. ಮೂವತ್ತು ವರ್ಷ ಕೇಳುಗರು ಒಂದೇ ತಂಡವನ್ನು ಎರಡು ಅಂಗಡಿಯಲ್ಲಿ ಕೊಳ್ಳಬೇಕಾಯಿತು.

ಇದೇ ಕ್ಲೈನ್ ಬೀಟಲ್ಸ್‌ನ ವ್ಯವಹಾರವನ್ನೂ 1969ರಿಂದ ನೋಡಿಕೊಂಡರು. 1973ರಲ್ಲಿ ಬಂದ, ಕೆಂಪು ಮತ್ತು ನೀಲಿ ಹೊದಿಕೆಯಿಂದ ಹೆಸರಾದ ಬೀಟಲ್ಸ್‌ನ ಎರಡು ಸಂಕಲನಗಳ ಆಯ್ಕೆಯ ಹಿಂದೆಯೂ ಅವರಿದ್ದರು. ಅಮೆರಿಕದ ಟಿವಿಯಲ್ಲಿ ರಾಜಾರೋಷವಾಗಿ ಜಾಹೀರಾತು ಹಾಕಿಕೊಂಡು ಮಾರಾಟವಾಗುತ್ತಿದ್ದ ಕಳ್ಳಮುದ್ರಣಕ್ಕೆ ಉತ್ತರವಾಗಿ ಅವು ಬಂದವು. ಕ್ಲೈನ್‌ರನ್ನು ಎಷ್ಟು ಬೈದರೂ ಒಂದು ಮಾತು ಒಪ್ಪಬೇಕು. ಹಾಡುಗಳನ್ನು ಆಯ್ದು ಜೋಡಿಸುವುದರಲ್ಲೇ ದೊಡ್ಡ ಗಳಿಕೆಯಿದೆ ಎಂಬುದನ್ನು ಕಲಾವಿದರಿಗಿಂತ ಮೊದಲು ಕಂಡವರು ಅವರು.

‘ಫಾರ್ಟಿ ಲಿಕ್ಸ್’

2002ಕ್ಕೆ ತಂಡಕ್ಕೆ ನಲವತ್ತು ತುಂಬಿತು. ಬಿಲ್ ವೈಮನ್ 1993ರಲ್ಲಿ ಹೊರಹೋಗಿದ್ದರು. ಉಳಿದವರು ಜ್ಯಾಗರ್, ರಿಚರ್ಡ್ಸ್, ವಾಟ್ಸ್ ಮತ್ತು ಎಪ್ಪತ್ತರ ದಶಕದ ನಡುವೆ ಸೇರಿದ ರಾನಿ ವುಡ್. ಆ ವರ್ಷದ ಆಗಸ್ಟಿನಲ್ಲಿ ಆಬ್ಕೋ ತನ್ನ ಬಳಿಯಿದ್ದ ಹಳೆಯ ಆಲ್ಬಮ್ಮುಗಳನ್ನು ಮೂಲ ಟೇಪುಗಳಿಂದ ಶುದ್ಧಗೊಳಿಸಿ ಹೊಸ ಸಿಡಿಗಳಾಗಿ ಬಿಟ್ಟಿತು. ಹಲವು ವರ್ಷ ಮಂಕಾಗಿ ಕೇಳಿಸುತ್ತಿದ್ದ ಹಾಡುಗಳಲ್ಲಿ ವಾಟ್ಸ್‌ರ ಸಿಂಬಲ್ಲಿನ ಅನುರಣನ ಮತ್ತೆ ಕಿವಿಗೆ ಬಿತ್ತು. ಅದರ ಬೆನ್ನಿಗೇ ಎರಡೂ ಪಕ್ಷಗಳು ಕೂಡಿ ಹೊರತಂದದ್ದು ‘ಫಾರ್ಟಿ ಲಿಕ್ಸ್’. ತಂಡದ ಪರವಾಗಿ ವರ್ಜಿನ್ ಕಂಪನಿ, ಹಳೆಯ ಹಾಡುಗಳಿಗಾಗಿ ಆಬ್ಕೋ ಮತ್ತು ಡೆಕ್ಕಾ ಹೀಗೆ ಮೂರು ಹೆಸರು ಒಂದೇ ಹೊದಿಕೆಯ ಮೇಲೆ ಬಂದವು. ತಂಡದ ಇಡೀ ಬದುಕಿಗೆ ಸಲ್ಲುವ ಮೊದಲ ಸಂಕಲನ ಇದೇ.

ಹಾಡುಗಳು ನಲವತ್ತು. ಮೂವತ್ತಾರು ಹಳೆಯವು, ನಾಲ್ಕು ಹೊಸವು. ಹೊಸವನ್ನು 2002ರ ಬೇಸಿಗೆಯ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಮುದ್ರಿಸಿಕೊಂಡರು. ಮೊದಲ ಸಿಡಿಯಲ್ಲಿ ಆಬ್ಕೋ ಕಾಲದ ಇಪ್ಪತ್ತು ಹಾಡು, ಎರಡನೆಯದರಲ್ಲಿ 1971ರಿಂದ ಈಚಿನ ಇಪ್ಪತ್ತು. ಇಬ್ಬರಿಗೂ ಸೇರಿದ ಎರಡು ಹಾಡುಗಳಲ್ಲಿ ‘ವೈಲ್ಡ್ ಹಾರ್ಸಸ್’ ಮೊದಲ ಸಿಡಿಗೆ, ‘ಬ್ರೌನ್ ಶುಗರ್’ ಎರಡನೆಯದಕ್ಕೆ ಹೋದವು. ಪಾಲುಪತ್ರದಲ್ಲಿ ಬಾವಿಯನ್ನು ಒಬ್ಬನಿಗೆ, ಬಾವಿಕಟ್ಟೆಯ ತೆಂಗಿನ ಮರವನ್ನು ಇನ್ನೊಬ್ಬನಿಗೆ ಬರೆಯುವ ಹಾಗೆ.

ಇಲ್ಲಿ ಆಯ್ಕೆಗಿಂತ ಜೋಡಣೆ ಹೆಚ್ಚು ಗಮನಿಸಬೇಕಾದ್ದು. ಹಾಡುಗಳು ಕಾಲಾನುಕ್ರಮದಲ್ಲಿಲ್ಲ. ಮೊದಲ ಸಿಡಿ ತೆರೆದುಕೊಳ್ಳುವುದು 1968ರ ‘ಸ್ಟ್ರೀಟ್ ಫೈಟಿಂಗ್ ಮ್ಯಾನ್’ನಿಂದ. ಪ್ಯಾರಿಸ್, ಲಂಡನ್‌ಗಳ ಬೀದಿಗಳಲ್ಲಿ ವಿದ್ಯಾರ್ಥಿಗಳು ದಂಗೆಯೆದ್ದ ವರ್ಷದ ಹಾಡದು. ಅದರ ಬೆನ್ನಿಗೆ ‘ಗಿಮ್ಮಿ ಶೆಲ್ಟರ್’, ಆಮೇಲೆ ‘ಸ್ಯಾಟಿಸ್ಫ್ಯಾಕ್ಷನ್’. ಬ್ರಿಟನ್ನಿನಲ್ಲಿ ತಂಡಕ್ಕೆ ಮೊಟ್ಟಮೊದಲ ಅಗ್ರಸ್ಥಾನ ತಂದ 1964ರ ‘ಇಟ್ಸ್ ಆಲ್ ಓವರ್ ನೌ’ ಸಿಗುವುದು ಹತ್ತೊಂಬತ್ತನೆಯ ಸ್ಥಾನದಲ್ಲಿ. ಕಾಲಕ್ರಮದಲ್ಲಿ ಜೋಡಿಸಿದ್ದರೆ ಕೇಳುಗನಿಗೆ ಒಂದು ತಂಡ ಬೆಳೆದ ಬಗೆ ತಿಳಿಯುತ್ತಿತ್ತು. ಈ ಜೋಡಣೆಯಲ್ಲಿ ಅದು ತಪ್ಪಿಹೋಗಿದೆ; ಅದರ ಬದಲು ತಂಡ ವೇದಿಕೆಯ ಮೇಲೆ ಹಾಡುವಾಗಿನ ಏರಿಳಿತ ಸಿಕ್ಕಿದೆ. ಎರಡನೆಯ ಸಿಡಿ ಅಷ್ಟು ಬಿಗಿಯಾಗಿಲ್ಲ. ‘ಸ್ಟಾರ್ಟ್ ಮಿ ಅಪ್’, ‘ಮಿಸ್ ಯೂ’, ‘ಏಂಜಿ’, ‘ಟಂಬ್ಲಿಂಗ್ ಡೈಸ್’ಗಳ ನಡುವೆ ತೊಂಬತ್ತರ ದಶಕದ ಸಾಧಾರಣ ಹಾಡುಗಳೂ ಜಾಗ ಹಿಡಿದಿವೆ. ಕಡೆಯ ಹಾಡು ‘ಲೂಸಿಂಗ್ ಮೈ ಟಚ್’ ಹೊಸದು; ಹಾಡಿರುವುದು ಜ್ಯಾಗರ್ ಅಲ್ಲ, ರಿಚರ್ಡ್ಸ್. ನಡುಗುವ ಒಡಕು ದನಿಯಲ್ಲಿ ನಿಧಾನವಾಗಿ ಹಾಡಿದ ಈ ಹಾಡು ನಾಲ್ಕು ಹೊಸ ಹಾಡುಗಳಲ್ಲಿ ಶ್ರೇಷ್ಠವಾದದ್ದು. ಉಳಿದ ಮೂರು ಇಲ್ಲದಿದ್ದರೂ ನಡೆಯುತ್ತಿತ್ತು. ಅವುಗಳ ಜಾಗದಲ್ಲಿ ‘ಮಿಡ್‌ನೈಟ್ ರ್‍ಯಾಂಬ್ಲರ್’, ‘ಆ್ಯಸ್ ಟಿಯರ್ಸ್ ಗೋ ಬೈ’ ಇರಬೇಕಿತ್ತು ಎಂದು ಅಭಿಮಾನಿಗಳು ಕೊರಗುವುದರಲ್ಲಿ ನ್ಯಾಯವಿದೆ.

ಅಮೆರಿಕದಲ್ಲಿ ಸಂಕಲನ ಅಕ್ಟೋಬರ್ ಮೊದಲ ದಿನ ಬಿಡುಗಡೆಯಾಗಿ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಮೊದಲ ಸ್ಥಾನದಲ್ಲಿ ಗಟ್ಟಿಯಾಗಿ ಕುಳಿತಿದ್ದದ್ದು ಎಲ್ವಿಸ್ ಪ್ರೆಸ್ಲಿಯ ಮೂವತ್ತು ಹಿಟ್‌ಗಳ ಸಂಕಲನ. ಎಲ್ವಿಸ್ ತೀರಿಕೊಂಡು 25 ವರ್ಷವಾಗಿತ್ತು. ಆ ವಾರದ ಪಟ್ಟಿಯ ತುದಿಯ ಎರಡೂ ಸ್ಥಾನ ಹಳೆಯ ಹಾಡುಗಳ ಸಂಕಲನಗಳದ್ದೇ ಎಂಬುದು, ಉಚಿತ ಡೌನ್‌ಲೋಡ್‌ಗಳ ಹೊಡೆತಕ್ಕೆ ಸಿಕ್ಕಿದ್ದ ಅಂದಿನ ಉದ್ಯಮ ಯಾವುದನ್ನು ನೆಚ್ಚಿಕೊಂಡಿತ್ತು ಎಂಬುದಕ್ಕೆ ಸಾಕ್ಷಿ. ‘ಫಾರ್ಟಿ ಲಿಕ್ಸ್’ಗೆ ಅಮೆರಿಕದಲ್ಲಿ 4 ಪ್ಲಾಟಿನಂ ಸಂದಿದೆ. ಜೋಡಿ ಆಲ್ಬಮ್ಮಿನ ಪ್ರತಿ ತಟ್ಟೆಯನ್ನೂ ಬೇರೆಯಾಗಿ ಎಣಿಸುವುದು ಅಲ್ಲಿಯ ಕ್ರಮವಾದ್ದರಿಂದ ಇದು 20 ಲಕ್ಷ ಜೋಡಿಗಳ ಲೆಕ್ಕ.

ಚೀನಾದಲ್ಲಿ ಬಿಡುಗಡೆಯಾದ ಪ್ರತಿಯಲ್ಲಿ ಮಾತ್ರ ಹಾಡುಗಳು ಮೂವತ್ತಾರೇ. ‘ಬ್ರೌನ್ ಶುಗರ್’, ‘ಹಾಂಕಿ ಟಾಂಕ್ ವಿಮೆನ್’, ‘ಬೀಸ್ಟ್ ಆಫ್ ಬರ್ಡನ್’, ‘ಲೆಟ್ಸ್ ಸ್ಪೆಂಡ್ ದ ನೈಟ್ ಟುಗೆದರ್’ ಈ ನಾಲ್ಕಕ್ಕೆ ಅಲ್ಲಿಯ ಅಧಿಕಾರಿಗಳು ಒಪ್ಪಲಿಲ್ಲ. ಸಂಕಲನದ ಅಂತಿಮ ಸಂಪಾದಕರು ಸರ್ಕಾರವೂ ಆಗಬಹುದು ಎಂಬುದಕ್ಕೆ ಇದು ನಿದರ್ಶನ.

ನಾಲಿಗೆಯ ಚಿಹ್ನೆಯೂ ಸಿತಾರದ ನಾದವೂ

ಹೊದಿಕೆಯ ಮೇಲಿರುವುದು ತಂಡದ ಪ್ರಸಿದ್ಧ ಕೆಂಪು ತುಟಿ, ಹೊರಚಾಚಿದ ನಾಲಿಗೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ವಿದ್ಯಾರ್ಥಿ ಜಾನ್ ಪಾಶ್ 1970ರಲ್ಲಿ 50 ಪೌಂಡ್ ಸಂಭಾವನೆಗೆ ಬಿಡಿಸಿದ ಚಿತ್ರವದು. ಜ್ಯಾಗರ್ ಮಾದರಿಯಾಗಿ ತೋರಿಸಿದ್ದು ಕಾಳಿಯ ಚಿತ್ರವನ್ನು. ನಾಲಿಗೆ ಚಾಚಿದ ಕಾಳಿ ನಮ್ಮ ಕಣ್ಣಿಗೆ ಅದರಲ್ಲಿ ಥಟ್ಟನೆ ಕಾಣುತ್ತಾಳೆ. ಪಶ್ಚಿಮದವರು ಅದನ್ನು ಬಹುಕಾಲ ಜ್ಯಾಗರ್‌ರ ತುಟಿಯೆಂದೇ ಭಾವಿಸಿದ್ದರು. 1971ರ ‘ಸ್ಟಿಕ್ಕಿ ಫಿಂಗರ್ಸ್’ ಆಲ್ಬಮ್ಮಿನಲ್ಲಿ ಮೊದಲು ಕಾಣಿಸಿಕೊಂಡ ಈ ಚಿಹ್ನೆಯ ಮೂಲಪ್ರತಿಯನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯ 2008ರಲ್ಲಿ 92,500 ಡಾಲರ್ ಕೊಟ್ಟು ಕೊಂಡಿತು.

ಹಾಡುಗಳ ಒಳಗೂ ಭಾರತವಿದೆ. 1966ರ ‘ಪೇಂಟ್ ಇಟ್ ಬ್ಲ್ಯಾಕ್’ನಲ್ಲಿ ಬ್ರಯಾನ್ ಜೋನ್ಸ್ ಸಿತಾರ್ ನುಡಿಸಿದ್ದಾರೆ. ಪಂಡಿತ್ ರವಿಶಂಕರರ ಶಿಷ್ಯ ಹರಿಹರ ರಾವ್ ಅವರಿಂದ ಕಲಿತ ಪಾಠ ಅಲ್ಲಿ ಕೆಲಸಕ್ಕೆ ಬಂತು. ರಾಗವಿಸ್ತಾರವೇನೂ ಅದರಲ್ಲಿಲ್ಲ. ಹಾಡಿನ ಪಲ್ಲವಿಯನ್ನು ತಂತಿಯ ಮೇಲೆ ಒರಟಾಗಿ, ರಭಸದಿಂದ ಮೀಟುತ್ತಾ ಹೋಗುತ್ತಾರೆ. ಸಿತಾರಿನ ಮರ್ಯಾದೆ ಬಲ್ಲವರು ಹುಬ್ಬು ಗಂಟಿಕ್ಕಬಹುದು. ಆದರೂ ಆ ಹಾಡಿನ ಕತ್ತಲೆಗೆ ಆ ನಾದವಿಲ್ಲದೆ ಜೀವವಿಲ್ಲ. ಅದು ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು.

ಬೆಂಗಳೂರು, 2003

ಸಂಕಲನದ ಜೊತೆಗೇ ಹೊರಟ ‘ಲಿಕ್ಸ್’ ಪ್ರವಾಸ 2002ರ ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನಿಂದ ಶುರುವಾಯಿತು. ದೊಡ್ಡ ಕ್ರೀಡಾಂಗಣ, ಒಳಾಂಗಣ ಅರೇನಾ, ಸಣ್ಣ ಥಿಯೇಟರು ಈ ಮೂರು ಬಗೆಯ ಸ್ಥಳಗಳಿಗೆ ಮೂರು ಬಗೆಯ ಹಾಡುಪಟ್ಟಿ ಇತ್ತು. ಕ್ರೀಡಾಂಗಣದಲ್ಲಿ ಎಲ್ಲರಿಗೂ ಗೊತ್ತಿರುವ ಹಿಟ್‌ಗಳು, ಥಿಯೇಟರಿನಲ್ಲಿ ಅಪರೂಪದವು. ಗ್ರೇಟೆಸ್ಟ್ ಹಿಟ್ಸ್ ಹೆಸರಿನ ಪ್ರವಾಸದಲ್ಲೇ ಮರೆತುಹೋದ ಹಾಡುಗಳಿಗೂ ಜಾಗ ಮಾಡಿಕೊಟ್ಟದ್ದು ತಂಡದ ಹಿರಿಮೆ.

2003ರ ವಸಂತದಲ್ಲಿ ತಂಡ ಏಷ್ಯಾಕ್ಕೆ ಬಂದಾಗ ಸಾರ್ಸ್ ಜ್ವರ ಹಬ್ಬುತ್ತಿತ್ತು. ಹಾಂಕಾಂಗ್ ಮತ್ತು ಚೀನಾದ ಕಾರ್ಯಕ್ರಮಗಳು ಬಿದ್ದುಹೋದವು. ಭಾರತದ ಎರಡು ಕಾರ್ಯಕ್ರಮಗಳು ಉಳಿದವು. ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನ, ಏಪ್ರಿಲ್ 7ರಂದು ಮುಂಬೈನ ಬ್ರೇಬೋರ್ನ್ ಕ್ರೀಡಾಂಗಣ. ಭಾರತದಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದ್ದು ಅದೇ ಮೊದಲು. ಮೊದಲ ದಿನದ ಗೌರವ ಸಂದದ್ದು ಬೆಂಗಳೂರಿಗೆ.

ಇದು ಆಕಸ್ಮಿಕವಲ್ಲ. ಬೆಂಗಳೂರಿನ ದಂಡು ಪ್ರದೇಶದ ಆಂಗ್ಲೋ ಇಂಡಿಯನ್ ಮನೆಗಳು, ಮಿಷನ್ ಶಾಲೆಗಳು, ಬ್ರಿಗೇಡ್ ರಸ್ತೆಯ ಅಂಗಡಿಗಳು ಈ ಸಂಗೀತಕ್ಕೆ ಮೊದಲೇ ನೆಲ ಹದಮಾಡಿದ್ದವು. 1970 ಮತ್ತು 1971ರಲ್ಲಿ ಸಿಗರೇಟು ಕಂಪನಿಯೊಂದು ನಡೆಸಿದ ‘ಸಿಮ್ಲಾ ಬೀಟ್’ ಸ್ಪರ್ಧೆಯ ಹಾಡುಗಳು ಎಲ್‌ಪಿಗಳಾಗಿ ಬಂದಾಗ ಬೆಂಗಳೂರಿನ ಡೈನೋಸಾರ್ಸ್, ಮದರಾಸಿನ ಕನ್ಫ್ಯೂಷನ್ಸ್ ತಂಡಗಳು ಅದರಲ್ಲಿದ್ದವು. 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ಇವತ್ತಿಗೂ ಬೆಂಗಳೂರನ್ನೇ ಹಾಡುತ್ತಿದೆ. ಸ್ಟೋನ್ಸ್ ಬರುವುದಕ್ಕೆ ಒಂದು ವರ್ಷ ಮೊದಲು ಪಿಂಕ್ ಫ್ಲಾಯ್ಡ್ ತಂಡದಲ್ಲಿದ್ದ ರಾಜರ್ ವಾಟರ್ಸ್, ಅದಕ್ಕೂ ಒಂದು ವರ್ಷ ಮೊದಲು ಡೀಪ್ ಪರ್ಪಲ್ ಬೆಂಗಳೂರಿನಲ್ಲಿ ಹಾಡಿ ಹೋಗಿದ್ದರು. 2007ರ ಮಾರ್ಚಿನಲ್ಲಿ ಐರನ್ ಮೇಡನ್, ಜೂನ್‌ನಲ್ಲಿ ಏರೋಸ್ಮಿತ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂದವು. ಬಂದವರಲ್ಲಿ ಹೆಚ್ಚಿನವರು ಹಳೆಯ, ಪಳಗಿದ ತಂಡಗಳು. ಕೇಳುಗರು ಅವರನ್ನು ಮೊದಲು ಅರಿತದ್ದು ಕ್ಯಾಸೆಟ್ಟಿನ ಸಂಕಲನಗಳಿಂದ. ಮೈದಾನದಲ್ಲಿ ಸಾವಿರಾರು ಗಂಟಲು ಒಟ್ಟಿಗೆ ದನಿಗೂಡಿಸಿದ್ದೂ ಆ ಸಂಕಲನಗಳಲ್ಲಿದ್ದ ಹಾಡುಗಳಿಗೇ.

ಲಿಕ್ಸ್ ಪ್ರವಾಸ ಮುಗಿದದ್ದು 2003ರ ನವೆಂಬರಿನಲ್ಲಿ, ಬಾಕಿ ಉಳಿದಿದ್ದ ಹಾಂಕಾಂಗಿನಲ್ಲಿ. ಗಳಿಕೆ 30 ಕೋಟಿ ಡಾಲರ್ ದಾಟಿತ್ತು. ನಡುವೆ ಜುಲೈ 30ರಂದು, ಅದೇ ಸಾರ್ಸ್‌ನಿಂದ ಸೊರಗಿದ್ದ ಟೊರಾಂಟೊ ನಗರಕ್ಕೆ ಚೇತರಿಕೆ ಕೊಡಲು ನಡೆದ ಕಾರ್ಯಕ್ರಮದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ನೆರೆದಿದ್ದರು.

ಮದರಾಸು ಮತ್ತು ತ್ರಿಪ್ಲಿಕೇನ್

ಇಂಥ ಸಂಕಲನಗಳು ಇಲ್ಲಿಯ ಕೇಳುಗರ ಕೈಸೇರಿದ ಬಗೆ ತಿಳಿಯಲು ಮದರಾಸಿನತ್ತ ನೋಡಬೇಕು; ದಕ್ಷಿಣ ಭಾರತದ ಧ್ವನಿಮುದ್ರಣ ಉದ್ಯಮದ ತವರು ಅದು. ಎ.ವಿ. ಮೇಯಪ್ಪನ್ ಸಿನಿಮಾಕ್ಕೆ ಬರುವ ಮೊದಲು 1932ರಲ್ಲಿ ಕಟ್ಟಿದ ಸರಸ್ವತಿ ಸ್ಟೋರ್ಸ್ ಗ್ರಾಮಫೋನ್ ತಟ್ಟೆಗಳ ವ್ಯಾಪಾರದಿಂದ ಬೆಳೆಯಿತು. ಕನ್ನಡ ಚಿತ್ರಗೀತೆಗಳೂ ಬಹುಕಾಲ ಮುದ್ರಣವಾದದ್ದು ಮದರಾಸಿನ ಸ್ಟುಡಿಯೋಗಳಲ್ಲೇ. ರಾಜ್‌ಕುಮಾರ್‌ರಿಗೆ ದನಿಯಾದ ಪಿ.ಬಿ. ಶ್ರೀನಿವಾಸ್ ಕಡೆಯವರೆಗೂ ಆ ಊರಿನವರಾಗಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಕಲ್ಕತ್ತೆಯ ಬಳಿಯ ಡಂಡಂನಲ್ಲಿದ್ದ ಗ್ರಾಮಫೋನ್ ಕಂಪನಿಯ ಕಾರ್ಖಾನೆಯಲ್ಲಿ. ಬೀಟಲ್ಸ್‌ನ ಎಲ್‌ಪಿಗಳೂ ಅಲ್ಲೇ ಅಚ್ಚಾಗುತ್ತಿದ್ದವು. ಅಚ್ಚಾಗದವನ್ನು ಹೊರದೇಶದಿಂದ ಬಂದವರ ಪೆಟ್ಟಿಗೆಯಲ್ಲಿ ಅಥವಾ 1985ರಲ್ಲಿ ಬೆಂಕಿಗೆ ಆಹುತಿಯಾದ ಮೂರ್ ಮಾರ್ಕೆಟ್ಟಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಬೇಕಿತ್ತು. ಒಂದು ತಂಡದ ಹತ್ತು ಆಲ್ಬಮ್ ಕೊಳ್ಳುವ ಶಕ್ತಿ ಯಾರಿಗಿತ್ತು? ಒಂದೇ ಸಂಕಲನ ಕೊಂಡು ಹತ್ತು ಜನ ಕೇಳುವುದು, ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳುವುದು ಬಳಕೆಯಾಯಿತು.

ಆಯ್ದು ಹಾಡುವ ಕಲೆಗೆ ಇದೇ ಊರಿನಲ್ಲಿ ಇನ್ನೊಂದು ಪರಂಪರೆಯೂ ಇದೆ. ಪಾರ್ಥಸಾರಥಿ ದೇವಾಲಯದ ಸುತ್ತ ಬೆಳೆದ ತ್ರಿಪ್ಲಿಕೇನ್, ಎಂದರೆ ತಿರುವಲ್ಲಿಕ್ಕೇಣಿಯಲ್ಲಿ 1900ರಲ್ಲಿ ಹುಟ್ಟಿದ ಶ್ರೀ ಪಾರ್ಥಸಾರಥಿ ಸ್ವಾಮಿ ಸಭಾ, ಇಂದು ಉಳಿದಿರುವ ಚೆನ್ನೈನ ಸಂಗೀತ ಸಭೆಗಳಲ್ಲಿ ಎಲ್ಲಕ್ಕಿಂತ ಹಳೆಯದು. ಇಂಥ ಸಭೆಗಳ ಕಛೇರಿಗೆ ಇಂದಿನ ರೂಪ ಕೊಟ್ಟವರು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ (1890–1967). ವರ್ಣದಿಂದ ತೊಡಗಿ, ಚುರುಕಾದ ಸಣ್ಣ ಕೃತಿಗಳನ್ನು ಹಾಡಿ, ಪ್ರಧಾನ ರಾಗವನ್ನು ವಿಸ್ತರಿಸಿ, ಮೃದಂಗದವರ ತನಿ ಆವರ್ತನದ ನಂತರ ತುಕ್ಕಡಗಳೆಂಬ ಕಿರು ಹಾಡುಗಳಿಗೆ ಬರುವ ಕ್ರಮವದು. ತುಕ್ಕಡದ ಹೊತ್ತಿಗೆ ಕೇಳುಗರ ಚೀಟಿಗಳು ವೇದಿಕೆಗೆ ಬರುತ್ತವೆ. ವಿದ್ವಾಂಸರು ಚೀಟಿ ಬಿಡಿಸಿ ಓದಿ, ಪಕ್ಕವಾದ್ಯದವರತ್ತ ತಿರುಗಿ ರಾಗದ ಹೆಸರು ಪಿಸುಗುಟ್ಟಿ ಹಾಡು ಎತ್ತಿಕೊಳ್ಳುತ್ತಾರೆ. ತಮಿಳರೇ ತುಂಬಿದ ಸಭೆಯಲ್ಲೂ ಹಾಗೆ ಬೇಡಿಕೆ ಬರುವ ಪದಗಳಲ್ಲಿ ಕನ್ನಡದ ದೇವರನಾಮಗಳು ಇದ್ದೇ ಇರುತ್ತವೆ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಕಂಠದಲ್ಲಿ ಪುರಂದರದಾಸರ ‘ಜಗದೋದ್ಧಾರನ’ ಗಳಿಸಿದ ಜನಪ್ರಿಯತೆ ಯಾವ ಹಿಟ್‌ಗೂ ಕಡಿಮೆಯದಲ್ಲ.

ಈ ಎರಡು ಲೋಕಗಳು ಒಮ್ಮೆ ಎದುರುಬದುರಾದದ್ದೂ ಉಂಟು. ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಜೋಡಿ ‘ಕಲೋನಿಯಲ್ ಕಸಿನ್ಸ್’ ಹೆಸರಿನಲ್ಲಿ 1996ರಲ್ಲಿ ತಂದ ಆಲ್ಬಮ್ಮಿನಲ್ಲಿ ವ್ಯಾಸರಾಯರ ‘ಕೃಷ್ಣಾ ನೀ ಬೇಗನೇ’ ಗಿಟಾರಿನ ಜೊತೆ, ಇಂಗ್ಲಿಷ್ ಸಾಲುಗಳೊಂದಿಗೆ ಬಂತು. ಐದು ಶತಮಾನ ಹಳೆಯ ಕನ್ನಡ ಪದವೊಂದು ಎಂಟಿವಿಯಲ್ಲಿ ದೇಶದ ಉದ್ದಗಲಕ್ಕೂ ಮೊಳಗಿತು.

ಕನ್ನಡದಲ್ಲಿ ರಾಕ್ ತಂಡಗಳ ಹಿಟ್ ಸಂಕಲನದ ಸಂಪ್ರದಾಯ ಬೆಳೆಯಲಿಲ್ಲ. ನಮ್ಮಲ್ಲಿ ಹಿಟ್ ಎಂದರೆ ಚಿತ್ರಗೀತೆ. ಕ್ಯಾಸೆಟ್ಟಿನ ಮೇಲೆ ನಾಯಕನಟರ, ಸಂಗೀತ ನಿರ್ದೇಶಕರ ಹೆಸರಿನಲ್ಲಿ ‘ಹಿಟ್ಸ್’ ಬಂದವು. ಇದಕ್ಕೆ ಹೊರತಾಗಿ ನಿಂತದ್ದು ಭಾವಗೀತೆ. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟಾಗಿ ಬಂದು ಮನೆಮನೆ ಸೇರಿತು. ಸಿನಿಮಾದ ಆಸರೆಯಿಲ್ಲದೆ ಹಾಡು ಮಾರಾಟವಾಗಬಲ್ಲದು ಎಂದು ಅದು ತೋರಿಸಿಕೊಟ್ಟಿತು.

ಈಚಿನ ದಿನಗಳು

ಅಲೆನ್ ಕ್ಲೈನ್ 2009ರಲ್ಲಿ ತೀರಿಕೊಂಡರು. ಐವತ್ತರ ನೆನಪಿಗೆ ಸ್ಟೋನ್ಸ್ ತಂಡ 2012ರಲ್ಲಿ ‘ಗ್ರ್’ ಎಂಬ ಇನ್ನೂ ದೊಡ್ಡ ಸಂಕಲನವನ್ನೂ, 2019ರಲ್ಲಿ ತನ್ನ ಪಾಲಿನ ಹಾಡುಗಳಷ್ಟೇ ಇರುವ ‘ಹಾಂಕ್’ ಅನ್ನೂ ತಂದಿತು. 2019ರಲ್ಲೇ ಇನ್ನೊಂದು ಹಳೆಯ ಗಂಟು ಬಿಚ್ಚಿತು. ವರ್ವ್ ತಂಡದ 1997ರ ‘ಬಿಟರ್ ಸ್ವೀಟ್ ಸಿಂಫನಿ’ಯಲ್ಲಿ ಸ್ಟೋನ್ಸ್‌ರ ಹಾಡೊಂದರ ವಾದ್ಯವೃಂದದ ತುಣುಕು ಬಳಕೆಯಾಗಿತ್ತೆಂದು ಆಬ್ಕೋ ಅದರ ಹಕ್ಕನ್ನೆಲ್ಲ ಕಸಿದಿತ್ತು. ಜ್ಯಾಗರ್ ಮತ್ತು ರಿಚರ್ಡ್ಸ್ ತಮ್ಮ ಪಾಲನ್ನು ಅದರ ಕರ್ತೃ ರಿಚರ್ಡ್ ಆಶ್‌ಕ್ರಾಫ್ಟ್‌ಗೆ ಮರಳಿ ಬಿಟ್ಟುಕೊಟ್ಟರು. ಹಕ್ಕಿನ ನೋವನ್ನು ತಾವೇ ಉಂಡವರು ತೋರಿದ ಈ ಔದಾರ್ಯ ದೊಡ್ಡದು. 2021ರ ಆಗಸ್ಟಿನಲ್ಲಿ ಚಾರ್ಲಿ ವಾಟ್ಸ್ ಇಲ್ಲವಾದರು.

ಮೊಬೈಲಿನಲ್ಲಿ ಹಾಡು ಕೇಳುವ ಕಾಲ ಬಂದಮೇಲೆ ಸಂಕಲನದ ಕೆಲಸವನ್ನು ಪ್ಲೇಲಿಸ್ಟುಗಳು ವಹಿಸಿಕೊಂಡಿವೆ. ಬಹಳ ಜನ ಕೇಳಿದ ಹತ್ತು ಹಾಡುಗಳನ್ನು ಆ್ಯಪ್ ತಾನಾಗಿಯೇ ಮೇಲೆ ತಂದಿಡುತ್ತದೆ. ಹೀಗೆ ಎಣಿಕೆಯಿಂದ ಆದ ಪಟ್ಟಿಗೂ, ಯಾವ ಹಾಡಿನ ನಂತರ ಯಾವುದು ಬಂದರೆ ಚೆನ್ನ ಎಂದು ಕಿವಿಯಿಟ್ಟು ಕೇಳಿ ಒಬ್ಬರು ಮಾಡಿದ ಜೋಡಣೆಗೂ ಬಹಳ ಅಂತರವಿದೆ. ‘ಸ್ಟ್ರೀಟ್ ಫೈಟಿಂಗ್ ಮ್ಯಾನ್’ ಮುಗಿಯುತ್ತಿದ್ದ ಹಾಗೇ ‘ಗಿಮ್ಮಿ ಶೆಲ್ಟರ್’ನ ಗಿಟಾರು ದೂರದಿಂದ ನಡುಗುತ್ತಾ ಹತ್ತಿರವಾಗುವುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬಹುಕಾಲ ಸಿಡಿಯಲ್ಲಿ ಉಳಿದಿದ್ದ ‘ಫಾರ್ಟಿ ಲಿಕ್ಸ್’ 2023ರಲ್ಲಿ ಡಿಜಿಟಲ್ ರೂಪದಲ್ಲೂ ವಿನೈಲ್ ತಟ್ಟೆಗಳಲ್ಲೂ ಬಿಡುಗಡೆಯಾಯಿತು.